ವಾಸನೆ ಬತ್ತಾ, ರುಚಿ ಗೊತ್ತಾತ್ತಾ?

ಪ್ರಶ್ನೆ ಕೇಳುವುದರಲ್ಲಿ ನಾನು ಗಟ್ಟಿ. ಉತ್ತರ ಕೊಡುವುದರಲ್ಲಿ ಅಷ್ಟೇನಿಲ್ಲ. ಬ್ರಹ್ಮಾವರದ ಸುತ್ತಮುತ್ತಲ ಶಾಲೆಗಳಲ್ಲಿ ಜೀವಮಾನವಿಡೀ ಟೀಚರಾಗಿದ್ದವಳಿಗೆ ಇದು ಅಂಟಿಕೊಳ್ಳುವ ರೋಗವೇ ಅನ್ನಿ. ಕೊರೊನಾ ಬಂದು ಶಾಲೆ ಮುಚ್ಚಿದಾಗ ಸರಕಾರ ನಮ್ಮ ಈ ರೋಗವನ್ನು ಚೆನ್ನಾಗಿ ಬಳಸಿಕೊಂಡಿತು. ಕೈಗೊಂದು ಫಾರಂ ಕೊಟ್ಟು ಮನೆಮನೆಗೆ ಕಳಿಸಿತು. ಜ್ವರ ಇತ್ತಾ, ಕೆಮ್ಮು ಇತ್ತಾ ಎಂದು ಶುರುಮಾಡಿ ಕೊನೆಗೆ, "ವಾಸನೆ ಬತ್ತಾ, ರುಚಿ ಗೊತ್ತಾತ್ತಾ?" ಎಂದು ಕೇಳಿ ಗುರುತು ಹಾಕಬೇಕು.

ಜನ ಸರಾಗವಾಗಿ ಸುಳ್ಳು ಹೇಳುತ್ತಿದ್ದರು. ಒಬ್ಬರ ಅಂಗಳದಲ್ಲಿ ನಿಂತಿದ್ದೆ. ಒಳಗೆ ಒಣಮೀನು ಸುಡುತ್ತಿದ್ದ ವಾಸನೆ ರಸ್ತೆವರೆಗೂ ಬರುತ್ತಿತ್ತು. "ಈಗ ಎಂತ ವಾಸನೆ ಬತ್ತಾ ಇತ್ತ್?" ಎಂದೆ. ಆತ ಆಚೀಚೆ ನೋಡಿ, ಹೆಂಡತಿಯ ಮುಡಿ ಕಂಡು, "ಮಲ್ಲಿಗೆ" ಎಂದ. ನನಗೆ ನಗು ಬಂದರೂ ನಗಲಿಲ್ಲ. "ನಿಮ್ಮಂಥವರಿಂದಲೇ ಊರಿಗೆಲ್ಲ ಹಬ್ಬುವುದು" ಎಂದು ತರಗತಿಯ ಸ್ವರದಲ್ಲಿ ಬೈದು ಹೆಸರು ಬರೆದುಕೊಂಡೆ. ಆತ ತಲೆ ತಗ್ಗಿಸಿದ. ಬೈದದ್ದು ತಪ್ಪೆಂದು ಇವತ್ತಿಗೂ ಅನಿಸುವುದಿಲ್ಲ. ಬೈದವಳು ಯಾರು ಎನ್ನುವುದಷ್ಟೇ ತೊಂದರೆ.

ಅದಾಗಿ ಕೆಲವೇ ದಿನಕ್ಕೆ, ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದೇನೆ, ಅಂಗಳದಿಂದ ನನ್ನ ಗಂಡ ಕೂಗಿದರು: "ಹಾಲ್ ಹೊತ್ತಿ ಹೋಯ್ತಲ್ಲ ಮಾರಾಯ್ತಿ!" ನೋಡಿದರೆ ಪಾತ್ರೆಯ ತಳ ಕಪ್ಪಾಗಿದೆ. ನನ್ನ ಮೂಗಿಗೆ ಏನೂ ಇಲ್ಲ. ಇಂಗಿನ ಡಬ್ಬಿ ತೆಗೆದು ಮೂಸಿದೆ. ಬೋರ್ಡಿನ ಸೀಮೆಸುಣ್ಣದ ಪುಡಿಯಷ್ಟೇ ನಿರ್ಲಿಪ್ತವಾಗಿತ್ತು. ಉಪ್ಪಿನಕಾಯಿ ನಾಲಿಗೆಗೆ ಹಚ್ಚಿದೆ. ಖಾರ ಚುಚ್ಚಿತು, ರುಚಿ ಬರಲಿಲ್ಲ. ಫಾರಂ ತುಂಬಿಸಿ ತುಂಬಿಸಿ ಬಾಯಿಪಾಠವಾಗಿದ್ದವಳಿಗೆ ಇನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಅವತ್ತು ಮರವಂತೆಯಲ್ಲಿ ನನ್ನಣ್ಣನ ಮಗಳು ಸುಪ್ರೀತಾಳ ನಿಶ್ಚಿತಾರ್ಥ. ಬೈಂದೂರು ಕಡೆಯಿಂದ ಹೋಗಿ ಬೊಂಬಾಯಿಯಲ್ಲಿ ಕ್ಯಾಂಟೀನು ನಡೆಸುವವರ ಸಂಬಂಧ. ಕುದುರಿಸಿದ್ದು ನಾನೇ. ಲಾಕ್‌ಡೌನು ಸ್ವಲ್ಪ ಸಡಿಲವಾಗಿ, ಮನೆಯವರಷ್ಟೇ ಸೇರಿ ಮಾಡುವುದೆಂದಾಗಿತ್ತು. ನಾನಿಲ್ಲದೆ ಆದೀತೇ? ಎಲ್ಲರೂ ತಮಗೆ ತಾವೇ ಕೇಳಿಕೊಳ್ಳುವ ಪ್ರಶ್ನೆ ಇದು. ನಾವಿಲ್ಲದೆಯೂ ಚೆನ್ನಾಗಿಯೇ ಆಗುತ್ತದೆ. ಆ ಉತ್ತರ ನಮಗೆ ಬೇಡ, ಅಷ್ಟೆ. ಶೀತ ಇರಬೇಕು ಅಂದುಕೊಂಡೆ. ಶೀತ ಇರಲಿಲ್ಲ. ಹೊಸ ಸೀರೆ ಉಟ್ಟು, ಮಾಸ್ಕು ಹಾಕಿ, ಸಾಸ್ತಾನದ ಟೋಲ್ ದಾಟುವಷ್ಟರಲ್ಲಿ ನನ್ನನ್ನು ನಾನೇ ನಂಬಿಸಿಯಾಗಿತ್ತು.

ಅಣ್ಣನ ಹೆಂಡತಿ ಗಿರಿಜತ್ತಿಗೆಯ ಕೈರುಚಿಯ ಬಗ್ಗೆ ಇಲ್ಲಿ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಹೆದ್ದಾರಿಯ ಬದಿಯಲ್ಲಿ ಅವರದೊಂದು ಸಣ್ಣ ಊಟದ ಹೋಟೆಲು. ಸಮುದ್ರ ನೋಡಲು ನಿಂತ ಕಾರಿನವರು ಅವರ ಮೀನುಸಾರು ಉಂಡು ಸಮುದ್ರ ನೋಡುವುದನ್ನೇ ಮರೆತು ಹೋದದ್ದುಂಟು. ಅಷ್ಟಿದ್ದರೂ ಮನೆಯ ವಿಶೇಷದ ದಿನ ಸೌಟು ನನ್ನ ಕೈಗೆ ಕೊಟ್ಟು, "ವಾರಿಜಾ, ಉಪ್ಪ್ ಕಾಣ್" ಎನ್ನುವುದು ಅವರ ದೊಡ್ಡತನ. ಅವತ್ತೂ ಅಂದರು. ಮಾಸ್ಕು ಇಳಿಸಿ ಕೋಳಿಸಾರನ್ನು ಬಾಯಿಗೆ ಹಾಕಿದೆ. ಬಿಸಿನೀರು. ಆಗಲಾದರೂ ಹೇಳಬಹುದಿತ್ತು. ನಾನು ಸ್ವಲ್ಪ ಯೋಚಿಸುವವಳ ಹಾಗೆ ಮಾಡಿ, "ಒಂಚೂರ್ ಹಾಕ್ಲಕ್" ಎಂದೆ. ಏನನ್ನೂ ಹಾಕಿಸದ ಪರೀಕ್ಷಕಳಿಗೆ ಮರ್ಯಾದೆ ಎಲ್ಲಿಂದ? ಅತ್ತಿಗೆ ನಂಬಿ ಹಾಕಿದರು.

ಊಟಕ್ಕೆ ಕೂತಾಗ ಎಲ್ಲರೂ ನೀರು ಕುಡಿಯುತ್ತಿದ್ದರು. ಹುಡುಗನ ತಾಯಿ ಶಾರದಕ್ಕ, "ಸಾರ್ ಲಾಯ್ಕಾಯಿತ್ತ್" ಎಂದು ಮತ್ತೊಂದು ಸೌಟು ಹಾಕಿಸಿಕೊಂಡರು, ಪಾಪ. ಅತ್ತಿಗೆ ಒಮ್ಮೆ ನನ್ನನ್ನು ನೋಡಿದರು. ನಾನು ಎಲೆ ನೋಡಿದೆ. ಆಮೇಲೆ ಫೋಟೋ ತೆಗೆಯುವಾಗ ಎಲ್ಲರೂ ಮಾಸ್ಕು ತೆಗೆದು ಒತ್ತೊತ್ತಾಗಿ ನಿಂತೆವು. ಅತ್ತಿಗೆಯ ಹೆಗಲ ಮೇಲೆ ನನ್ನ ಕೈ ಇರುವ ಆ ಫೋಟೋದಲ್ಲಿ ನಾನು ಬಹಳ ಚೆನ್ನಾಗಿ ಬಂದಿದ್ದೇನೆ.

ವಾರದೊಳಗೆ ಅತ್ತಿಗೆಗೆ ಜ್ವರ ಬಂತು. ಕುಂದಾಪುರದ ಆಸ್ಪತ್ರೆಯಲ್ಲಿ ಆಮ್ಲಜನಕದ ಮೇಲೆ ಮಲಗಿ, ಹೇಗೋ ಬದುಕಿ ಬಂದರು. ಬೊಂಬಾಯಿಗೆ ಮರಳಿದ ಶಾರದಕ್ಕನಿಗೂ ಜ್ವರ ಬಂತೆಂದು ಸುದ್ದಿ. ಅಣ್ಣನಿಗೆ ಅಷ್ಟೇ ಸಾಕಾಯಿತು. "ಕಂಡ್ಯಾ? ಬೊಂಬಾಯಿಯರೇ ತಂದದ್ದ್" ಎಂದು ಫೋನಿನಲ್ಲಿ ಕೂಗಾಡಿದ. ನಾನು "ಹ್ಞೂಂ" ಎಂದೆ. ಒಂದೇ ಅಕ್ಷರ. ಮದುವೆ ನಿಲ್ಲಲಿಲ್ಲ, ಆದರೆ ಅಣ್ಣ ಬೀಗರ ಮನೆಯ ಹೊಸ್ತಿಲು ತುಳಿಯಲಿಲ್ಲ.

ನನ್ನ ಮೂಗು ಹದಿನೈದು ದಿನದಲ್ಲಿ ಸರಿಯಾಯಿತು. ಪಕ್ಕದ ಮನೆಯಲ್ಲಿ ಬಂಗಡೆ ಹುರಿಯುತ್ತಿದ್ದದ್ದು ತಿಳಿದು ಖುಷಿಯಲ್ಲಿ ಅಂಗಳಕ್ಕೆ ಓಡಿದ್ದೆ. ಅತ್ತಿಗೆಗೆ ಹೋದ ವಾಸನೆ, ರುಚಿ ಮರಳಿ ಬರಲೇ ಇಲ್ಲ. ಬರಬಹುದು, ಕಾಯಿರಿ ಎಂದ ಡಾಕ್ಟರು ಈಗ ಆ ಮಾತನ್ನೂ ಆಡುವುದಿಲ್ಲವಂತೆ. ಅಂದಾಜಿನ ಮೇಲೆ ಸ್ವಲ್ಪ ಕಾಲ ಅಡುಗೆ ಮಾಡಿದರು. ಒಂದು ದಿನ ಹಳಸಿದ ಸಾರು ಬಡಿಸಿದರು, ಇನ್ನೊಂದು ದಿನ ಗ್ಯಾಸು ಸೋರುತ್ತಿದ್ದದ್ದು ಗೊತ್ತಾಗಲಿಲ್ಲ. ಹೋಟೆಲಿನ ಬಾಗಿಲು ಹಾಕಿದರು. ಊಟ ಹೇಗಾಗುತ್ತದೆಂದು ಕೇಳಿದರೆ, "ಮಣ್ಣ್ ತಿಂದ್ಹಾಂಗೆ" ಎನ್ನುತ್ತಾರೆ. ನಮ್ಮ ತರ್ಕಶಾಸ್ತ್ರದವರು ವಾಸನೆ ಎನ್ನುವುದು ಮಣ್ಣಿನದೇ ಗುಣ, ನೀರಿಗೂ ಗಾಳಿಗೂ ಸ್ವಂತ ವಾಸನೆಯಿಲ್ಲ ಎಂದು ವಾದಿಸಿದ್ದರಂತೆ. ಹಾಗಾದರೆ ಅತ್ತಿಗೆಗೆ ಸಿಗುತ್ತಿರುವುದು ಮಣ್ಣೂ ಅಲ್ಲ. ಇಂಥ ವಿದ್ವತ್ತೆಲ್ಲ ನನಗೆ ಹೊಳೆಯುವುದು ಹೇಳಬೇಕಾದ್ದನ್ನು ಹೇಳದೆ ಕೂತಾಗ.

ಈ ವರ್ಷ ಸುಪ್ರೀತಾಳ ಮಗುವಿಗೆ ಮರವಂತೆಯಲ್ಲೇ ನಾಮಕರಣ. ಶಾರದಕ್ಕ ಬಂದರು. ಊರಲ್ಲಿ ಒಬ್ಬರ ಮುಖದಲ್ಲೂ ಮಾಸ್ಕಿಲ್ಲದ ಈ ಕಾಲದಲ್ಲಿ ಅವರು ಮಾಸ್ಕು ಹಾಕಿಕೊಂಡು, ಒಳಗೆ ಬಾರದೆ ಜಗಲಿಯ ತುದಿಯಲ್ಲಿ ಕೂತರು. ಅತ್ತಿಗೆ ಕಾಫಿ ತಂದಾಗ ಅವರ ಕೈ ಹಿಡಿದು, "ನಮ್ಮಿಂದ್ಲೇ ಹೀಂಗಾಯ್ತಲೆ ನಿಮ್ಗೆ" ಎಂದರು. ಕಣ್ಣಲ್ಲಿ ನೀರು.

ನಾನು ಅತ್ತಿಗೆಯ ಹಿಂದೆಯೇ ಅಡುಗೆಮನೆಗೆ ಹೋಗಿ, ನಿಂತಲ್ಲೇ ಎಲ್ಲ ಹೇಳಿದೆ. ಅವರು ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತ್. ಆ ಸಾರ್ ಬಾಯಿಗ್ ಹಾಕ್ದದ್ದೇ ಗೊತ್ತಾಯ್ತ್, ನಿಂಗೆ ರುಚಿ ಇಲ್ಲ ಅಂದೇಳಿ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ ಅತ್ತಿಗೆ?"

"ಗಂಡಿನ ಕಡೆಯರ್ ಕೂಕಂಡಿದ್ರ್. ನಿನ್ನ ಎಬ್ಸಿ ಕಳ್ಸುಕಾತ್ತಾ?"

"ಅಣ್ಣ ಬೊಂಬಾಯಿಯರನ್ನ ಬೈವ ಹೊತ್ತಿಗಾದ್ರೂ..."

"ಯಾರಿಗಾರೂ ಬೈದ್ರೆ ಅವ್ರಿಗೆ ಸಮಾಧಾನ ಆತಿತ್ತ್. ಸ್ವಂತ ತಂಗಿಗೆ ಬಯ್ಯುಕಿಂತ ಹೊರಗಿನರಿಗೆ ಬೈಲಿ ಅಂದೇಳಿ ಸುಮ್ನಿದ್ದೆ."

ಕೇಳಿ ನನಗೆ ಹಗುರಾಯಿತು. ನಿಜ ಹೇಳಬೇಕಲ್ಲ, ಹಗುರಾಯಿತು. ತಪ್ಪಿಗೆ ಜೊತೆ ಸಿಕ್ಕಿತೆಂಬ ಆ ನೆಮ್ಮದಿಯನ್ನು ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ. ಜಗಲಿಯಲ್ಲಿ ಆ ಹೆಂಗಸು ಒಬ್ಬರೇ ಕೂತಿದ್ದಾರೆ, ನಾವಿಬ್ಬರು ಒಳಗೆ ಒಬ್ಬರನ್ನೊಬ್ಬರು ಕ್ಷಮಿಸಿಕೊಳ್ಳುತ್ತಿದ್ದೇವೆ!

ಹೊರಗೆ ಬಂದೆ. ಅಣ್ಣ ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ. ಅವನೆದುರೇ ಶಾರದಕ್ಕನಿಗೆ ಹೇಳಿದೆ, ಹಾಲು ಹೊತ್ತಿದ್ದರಿಂದ ಹಿಡಿದು "ಹ್ಞೂಂ" ಎಂದದ್ದರ ತನಕ. ಅಣ್ಣ ಎದ್ದು ಚಪ್ಪಲಿ ಮೆಟ್ಟಿ ಹೊಳೆಯ ಕಡೆಗೆ ನಡೆದ. ನನ್ನ ಹತ್ತಿರ ಇನ್ನೂ ಮಾತಾಡಿಲ್ಲ.

ಶಾರದಕ್ಕ ಕಾಫಿಯ ಲೋಟ ಕೆಳಗಿಟ್ಟರು. "ನಾವ್ ಟೆಸ್ಟ್ ಮಾಡ್ಸಿಯೇ ಬಂದದ್ದ್ ಟೀಚರೇ. ಹೇಳಿದ್ರೆ ಯಾರೂ ಕೇಂಬುಕಿಲ್ಲ. ಕಡೆಗೆ ನಂಗೇ ನನ್ನ ಮೇಲೆ ನಂಬ್ಕಿ ಹೋಯ್ತ್" ಎಂದರು. ಮಾಸ್ಕು ಬಿಚ್ಚಿ, ಮಡಚಿ ಚೀಲಕ್ಕೆ ಹಾಕಿ, ಒಳಗೆ ಹೋಗಿ ಮೊಮ್ಮಗುವನ್ನು ಎತ್ತಿಕೊಂಡರು. ಅದರ ನೆತ್ತಿಗೆ ಮೂಗಿಟ್ಟು ಎಷ್ಟೋ ಹೊತ್ತು ಹಾಗೇ ನಿಂತರು.

ನಮ್ಮೂರಲ್ಲಿ ಎಂಥ ತಪ್ಪು ಒಪ್ಪಿಕೊಂಡರೂ ಎದುರಿನವರು ಕೊನೆಗೊಂದು "ಅಡ್ಡಿಲ್ಲ" ಅನ್ನುತ್ತಾರೆ. ನಾನು ಹೊರಡುವ ತನಕ ಕಾದೆ. ಶಾರದಕ್ಕ ಅನ್ನಲಿಲ್ಲ. ಬಸ್ಸಿನಲ್ಲಿ ಸ್ವಲ್ಪ ಬೇಸರವಾಯಿತು, ಸಿಟ್ಟೂ ಬಂತು. ಈಗ ಅನಿಸುತ್ತದೆ, ಅವರು ಮಾಡಿದ್ದೇ ಸರಿ. ಆ ಮಾತು ಕೈಗೆ ಸಿಕ್ಕಿದ್ದರೆ ಕುಂದಾಪುರ ತಲುಪುವುದರೊಳಗೆ ನಾನು ಎಲ್ಲವನ್ನೂ ಮರೆತುಬಿಡುತ್ತಿದ್ದೆ.