ಆ ಬೆಳಗಿನ ನಲವತ್ತು ಫೋಟೋಗಳು

ನನ್ನ ಮೊಬೈಲಿನಲ್ಲಿ ಒಂದೇ ಬೆಳಿಗ್ಗೆ ತೆಗೆದ ನಲವತ್ತು ಫೋಟೋಗಳಿವೆ. ನೋಡಿದವರೆಲ್ಲ ‘ಸೂಪರ್’ ಅಂದಿದ್ದರು. ಈಗ ಅವನ್ನು ತೆರೆಯಲಿಕ್ಕೇ ನಾಚಿಕೆ. ಯಾಕೆ ಅಂತೀರಾ? ಹೇಳುತ್ತೇನೆ, ಬೈಯಬೇಡಿ. (ಬೈದರೂ ಸರಿಯೇ.)

ಗುಂಡ್ಲುಪೇಟೆ ಕಡೆಯವನಾದ ನಾನು ಬಂಡೀಪುರದಾಚೆ ಬೆಟ್ಟದ ಮೇಲಿನ ಇತ್ತಲಾರ್ ಹತ್ತಿರದ ಒಂದು ಟೀ ಫ್ಯಾಕ್ಟರಿ ಆಫೀಸಿನಲ್ಲಿ ಹತ್ತು ವರ್ಷದಿಂದ ಕುರ್ಚಿ ಸವೆಸುತ್ತಿರುವುದು ನಿಮಗೆ ಗೊತ್ತೇ ಇದೆ. ಜನವರಿ ಬಂತೆಂದರೆ ಇಲ್ಲಿ ಕೆಲವು ಬೆಳಿಗ್ಗೆ ಹುಲ್ಲು, ತೋಟ, ಸ್ಕೂಟರಿನ ಸೀಟು ಎಲ್ಲವೂ ಬೆಳ್ಳಗೆ. ಆಕಾಶದಿಂದ ಉದುರುವ ಹಿಮವಲ್ಲ ಇದು. ರಾತ್ರಿಯ ಇಬ್ಬನಿ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಇಲ್ಲಿನವರು ‘ಪನಿ’ ಅನ್ನುತ್ತಾರೆ. ನಾನು ಮಾತ್ರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ‘ನಮ್ಮೂರ ಕಾಶ್ಮೀರ’ ಅಂತ ಹಾಕಿಬಿಟ್ಟೆ.

ತಗೊಳ್ಳಿ! ಮರುದಿನ ರಾತ್ರಿಯೇ ಮೈಸೂರಿನಿಂದ ಗೆಳೆಯ ಸತೀಶ ಹೆಂಡತಿಯೊಂದಿಗೆ ಹಾಜರ್. ಬಂಡೀಪುರದ ಗೇಟ್ ಹಾಕುವುದರೊಳಗೆ ದಾಟಬೇಕೆಂದು ದಾರಿಯಲ್ಲಿ ಕಾಫಿಗೂ ನಿಲ್ಲಿಸದೆ ಬಂದಿದ್ದರು, ಪಾಪ.

ಆ ರಾತ್ರಿ ಬಿದ್ದಂಥ ಪನಿಯನ್ನು ಹತ್ತು ವರ್ಷದಲ್ಲಿ ನಾನು ಕಂಡಿರಲಿಲ್ಲ. ನಲ್ಲಿ ತಿರುಗಿಸಿದರೆ ನೀರಿಲ್ಲ. ಪೈಪಿನೊಳಗೇ ಗಟ್ಟಿಯಾಗಿತ್ತು. ಬಕೆಟ್ಟಿನ ಮೇಲೆ ಗಾಜಿನ ಮುಚ್ಚಳ. ಎಂಟೂವರೆಗೆ ಆಫೀಸು ಇತ್ತು, ಆದರೂ ಬೆಳಕು ಹರಿಯುತ್ತಲೇ ಇಬ್ಬರನ್ನೂ ಹೊರಡಿಸಿಕೊಂಡು ಮಾದಿ ಅಕ್ಕನ ತೋಟಕ್ಕೆ ಹೋದೆ.

ಮಾದಿ ಅಕ್ಕ ನಮ್ಮ ಫ್ಯಾಕ್ಟರಿಗೆ ಎಲೆ ಹಾಕುವವರು. ಹಳೆಯ ಟೀ ಗಿಡ ಕಿತ್ತು, ಹೊಸ ಸಸಿ ನೆಟ್ಟು, ಒಂದು ಚಿಗುರನ್ನೂ ಕೊಯ್ಯದೆ ಎರಡು ವರ್ಷ ಕಾದವರು. ಎಲ್ಲಿ ಸಿಕ್ಕರೂ ಅದೇ ಮಾತು. “ಮಳೆ ಬಂದ ಮೇಲೆ ನಂಗ ಚೆಡಿ ಎಲೆ ಕೊಡುತ್ತೆ ನೋಡು ತಮ್ಮ.” ನಂಗ ಚೆಡಿ ಅಂದರೆ ನಮ್ಮ ಗಿಡ. ಅವರು ಆಡುವುದು ಇಲ್ಲಿನ ಬಡಗ ಮಾತು, ನನಗೋಸ್ಕರ ಅದಕ್ಕಷ್ಟು ಕನ್ನಡ ಬೆರೆಸುತ್ತಾರೆ.

ತೋಟಕ್ಕಿಳಿಯುವ ಮಣ್ಣಿನ ದಾರಿ ಒಂದೇ ಗಾಡಿಯಷ್ಟು ಅಗಲ. ಅಲ್ಲೇ ಕಾರು ನಿಲ್ಲಿಸು ಅಂದವನು ನಾನೇ. “ಈ ಚಳೀಲಿ ಯಾವನು ಬರ್ತಾನೋ?”

ಬರುತ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಪನಿ ಕೂತ ಎಲೆಗೆ ಬಿಸಿಲು ತಾಗಿತೋ, ಕಥೆ ಮುಗಿಯಿತು, ಎಲೆ ಸುಟ್ಟು ಕಪ್ಪಾಗುತ್ತದೆ. ಅದಕ್ಕೇ ಸೂರ್ಯ ಗುಡ್ಡ ಹತ್ತುವ ಮೊದಲು ನೀರು ಹೊಯ್ದು ಪನಿ ತೊಳೆಯಬೇಕು. ಪನಿ ಜೋರಾದ ದಿನ ಇಡೀ ಹಟ್ಟಿ ಎದ್ದು ಬರುತ್ತದೆ. ಯಾರೂ ತಮ್ಮ ತೋಟಕ್ಕೆ ಮೊದಲು ಹೋಗುವುದಿಲ್ಲ. ಎಳೆಯ ಸಸಿ ಯಾರದೋ, ಮೊದಲ ನೀರು ಅವರಿಗೆ. ಇದನ್ನೆಲ್ಲ ನಾನೇ ಹಿಂದೊಮ್ಮೆ ಇದೇ ಅಂಕಣದಲ್ಲಿ ಕೊಂಡಾಡಿ ಬರೆದಿದ್ದೆ. ಬರೆದವನಿಗೇ ನೆನಪಿರಬೇಡವೇ?

ಹಾರ್ನ್ ಕೇಳಿಸಿತು. ಒಂದು ಸಲವಲ್ಲ, ನಾಲ್ಕೈದು ಸಲ. “ಲಾಸ್ಟ್ ಒಂದು ಕಣೋ” ಅಂದ ಸತೀಶ. ನಾನೂ ತಲೆ ಬಾಚಿಕೊಂಡು ಪಕ್ಕದಲ್ಲಿ ನಿಂತೆ. ಒಂದು ಹೋಗಿ ಆರಾಯಿತು.

ಅಷ್ಟರಲ್ಲಿ ಮಾದಿ ಅಕ್ಕ ಶಾಲನ್ನು ತಲೆಗೆ ಬಿಗಿದುಕೊಂಡು ಓಡಿ ಬಂದರು. ಅವರ ಹಿಂದೆ, ಕಾರಿನ ಆಚೆ, ನೀರಿನ ಡ್ರಮ್ಮು ಹೊತ್ತ ಪಿಕಪ್ಪು. ಹಳ್ಳದಿಂದ ತುಂಬಿಸಿಕೊಂಡು ಬಂದಿದ್ದರು.

“ತಮ್ಮ, ವಂಡಿ ತೆಗಿ! ಹೊತ್ತು ಮೂಡುತ್ತೆ, ಚೆಡಿ ಎಲ್ಲಾ ಹೋಗುತ್ತೆ!”

ಓಡಿದೆವು. ಕೀ ತಿರುಗಿಸಿದರೆ ಕಾರು ಕೆಮ್ಮಿ ಸುಮ್ಮನಾಯಿತು. ಮತ್ತೆ ಕೆಮ್ಮಿತು. ಆ ಚಳಿಯಲ್ಲೂ ಸತೀಶ ಬೆವೆತ. ಕೊನೆಗೆ ಹಟ್ಟಿಯವರೇ ಸೇರಿ ಕಾರನ್ನು ತಳ್ಳಿ ಬೇಲಿಗೆ ಒತ್ತಿದರು. ಒಬ್ಬರೂ ಬೈಯಲಿಲ್ಲ. ಬೈಯಲು ಅವರಿಗೆ ಪುರುಸೊತ್ತೆಲ್ಲಿತ್ತು? ಕೊಡ, ಪೈಪು, ಅಡುಗೆ ಪಾತ್ರೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಇಳಿದರು. ನಾನೂ ಒಂದು ಕೊಡ ಹಿಡಿದೆ. ಬೆರಳುಗಳು ನನ್ನವೇ ಅನ್ನಿಸಲಿಲ್ಲ.

ಮೇಲಿನ ಸಾಲುಗಳಿಗೆ ಬಿಸಿಲು ಆಗಲೇ ಬಂದಿತ್ತು. ಎಷ್ಟು ಚಂದದ ಬಿಸಿಲು ಅಂತೀರಿ! ಪ್ರತಿ ಎಲೆಯೂ ಹೊಳೆಯುತ್ತಿತ್ತು. ನಮಗೆ ಸಿಕ್ಕಿದ್ದು ಇನ್ನೂ ನೆರಳಿದ್ದ ಕೆಳಗಿನ ಸಾಲುಗಳು ಮಾತ್ರ.

ಒಂಬತ್ತೂ ಕಾಲಿಗೆ ಒದ್ದೆ ಪ್ಯಾಂಟಿನಲ್ಲಿ ಆಫೀಸು ಸೇರಿದೆ. ಹಾಜರಿ ಪುಸ್ತಕಕ್ಕೆ ಸಹಿ, ನಾಲ್ಕು ಫೋನು, ಎರಡು ಟೀ. ಆಮೇಲೆ ಕೆಲಸವೇ ಇಲ್ಲ. ಎಲೆ ತರುವ ಲಾರಿ ಅರ್ಧ ಖಾಲಿಯೇ ಬಂತು. “ಯಾಕ್ರೀ ಮಂಕಾಗಿದ್ದೀರಾ, ಚಳಿಯಾ?” ಅಂದರು ಮ್ಯಾನೇಜರು. ಹೌದು ಸಾರ್ ಅಂದೆ. ಇಷ್ಟು ಸಣ್ಣ ಸುಳ್ಳು ಇಷ್ಟು ಭಾರವಿರುತ್ತದೆ ಅಂತ ಗೊತ್ತಿರಲಿಲ್ಲ.

ನಾಲ್ಕು ದಿನಕ್ಕೆ ಮೇಲಿನ ಸಾಲುಗಳು ಕಪ್ಪಾದವು. ನಾನು ಬಸ್ಸಿನಲ್ಲಿ ಆ ತೋಟದ ಕಡೆಯ ಕಿಟಕಿ ಬಿಟ್ಟು ಈ ಕಡೆ ಕೂರತೊಡಗಿದೆ.

ಕಳೆದ ವಾರ ಮಾದಿ ಅಕ್ಕ ಆಫೀಸಿಗೇ ಬಂದರು. ನಾನು ಫೈಲಿನ ಹಿಂದೆ ಮುಖ ಮರೆಸಿಕೊಂಡೆ. ಅವರು ಜಗಳಕ್ಕೆ ಬಂದಿರಲಿಲ್ಲ. ಸುಟ್ಟದ್ದಕ್ಕೆ ಸರ್ಕಾರದವರು ಬದಲು ಸಸಿ ಕೊಡುತ್ತಾರಂತೆ, ಆದರೆ ಪನಿಯಿಂದಲೇ ಹೋಯಿತು ಅನ್ನುವುದಕ್ಕೆ ಆ ದಿನದ ಫೋಟೋ ಬೇಕಂತೆ, ಗಿಡ ಕಾಣುವ ಹಾಗೆ.

“ನೀ ತುಂಬ ಎತ್ತಿದ್ಯಲ್ಲ ತಮ್ಮ, ಒಂದು ಕೊಡು” ಅಂದರು.

ಖುಷಿಯಾಯಿತು ನನಗೆ. ಅಬ್ಬ, ಕೊನೆಗೂ ಆ ದರಿದ್ರ ಫೋಟೋಗಳಿಂದ ಒಂದು ಉಪಕಾರ! ಮೊಬೈಲು ತೆರೆದು ಅವರ ಕೈಗೇ ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು, ಒರಟು ಬೆರಳಿನಿಂದ ಒಂದೊಂದನ್ನೇ ಸರಿಸಿದರು. ಸತೀಶ ಕೈ ಚಾಚಿದ್ದು. ಅವನ ಹೆಂಡತಿ ಪನಿಯನ್ನು ಊದಿದ್ದು. ನಾನು ಹಲ್ಲು ಕಿರಿದದ್ದು. ಹಿಂದೆ ಏನೋ ಮಸುಕು ಬಿಳುಪು. ಅವಸರವಿಲ್ಲದೆ ನಲವತ್ತನ್ನೂ ನೋಡಿದರು.

ಆಮೇಲೆ ಮೊಬೈಲನ್ನು ಮೇಜಿನ ಮೇಲಿಟ್ಟು ಕೇಳಿದರು: “ಎಲ್ಲಾದರಲ್ಲೂ ನೀವೇ ಇದ್ದೀರಲ್ಲ ತಮ್ಮ, ನಂಗ ಚೆಡಿ ಎಲ್ಲಿ?”