ಪಾಪಯ್ಯನ ಪಿಸುಮಾತು

ಪಾಪಯ್ಯ ನಲವತ್ತು ವರ್ಷ ಮಗ್ಗದ ಸದ್ದಿನೊಳಗೆ ಬದುಕಿದ ಮನುಷ್ಯ. ಪವರ್‌ಲೂಮ್ ಶೆಡ್ಡಿನಲ್ಲಿ ಪಕ್ಕದವನಿಗೆ ಕೇಳಬೇಕೆಂದರೂ ಕಿರುಚಬೇಕು. ಹಾಗಾಗಿ ದೊಡ್ಡಬಳ್ಳಾಪುರದ ಮಗ್ಗದವರೆಲ್ಲ ದೊಡ್ಡ ಗಂಟಲಿನವರೇ. ಪಾಪಯ್ಯನದು ಇನ್ನೂ ಒಂದು ಕೈ ಮೇಲು. ಅವನು ಗುಟ್ಟು ಹೇಳಿದರೆ ಮೂರು ಬೀದಿಗೆ ಕೇಳುತ್ತದೆ. ಇದು ಅವನ ಮಗ ಶಶಿಕುಮಾರನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬುದ್ಧಿ ಇರಲಿಲ್ಲ, ಅಷ್ಟೆ.

ನನ್ನ ಮನೆ ಪಕ್ಕದಲ್ಲಿದ್ದ ಅವರ ಹಳೆ ಬಾಡಿಗೆ ಮನೆ ಕೆಡವುತ್ತಾರೆಂದು ಶಶಿ ಹೊಸ ಲೇಔಟಿನಲ್ಲಿ ಮಹಡಿ ಮನೆ ನೋಡಿದ. ಮುದುಕರಿದ್ದರೆ ಓನರ್ ಮನೆ ಕೊಡುವುದಿಲ್ಲವಂತೆ, ಅದಕ್ಕೇ ‘ನಾನು, ಹೆಂಡತಿ, ಮಗಳು, ಮೂರೇ ಜನ’ ಅಂದಿದ್ದಾನಂತೆ. ಎಂಥ ಜಾಣ! ಪಾಪಯ್ಯನಿಗೆ ಬೇಕಾಗಿದ್ದು ಮೊಮ್ಮಗಳ ಜೊತೆ ಒಂದೇ ಸೂರು. ಅದಕ್ಕಾಗಿ ಏನು ಹೇಳಿದರೂ ತಲೆಯಾಡಿಸಿದ.

ಸಾಮಾನು ಟೆಂಪೋಗೆ ಹಾಕಲು ನಾನೂ ಕೈಜೋಡಿಸಿದ್ದೆ. ಆಗ ಶಶಿ ಪಾಠ ಹೇಳಿಕೊಟ್ಟ: “ಓನರ್ ಕೇಳಿದ್ರೆ, ಹಾಲುಕ್ಕಿಸೋಕೆ ಬಂದಿರೋ ನೆಂಟ್ರು ಅನ್ನಪ್ಪಾ. ಒಂದೆರಡು ತಿಂಗ್ಳು ಆಗ್ಲಿ, ನಾನೇ ಹೇಳ್ತೀನಿ.”

“ನಮ್ ರಾಜ?” ಪಾಪಯ್ಯ ನಾಯಿಯ ಕಡೆ ನೋಡಿದ.

“ಬಾತ್‌ರೂಮಲ್ಲಿ ಕೂಡಾಕು.”

ಏಳು ವರ್ಷದ ಚೈತ್ರಳಿಗೂ ಅಜ್ಜಿ, ತಾತ ಅನ್ನಬಾರದೆಂದು ಕಟ್ಟಪ್ಪಣೆ. ಥೂ, ಇವನ ಜನ್ಮಕ್ಕೆ!

ಹೊಸ ಮನೆಯಲ್ಲಿ ನಮ್ಮೆಲ್ಲರ ಮುಂದೆ ಹಾಲು ಉಕ್ಕಿತು. ಮಾಲೀಕ ಆದಿನಾರಾಯಣಪ್ಪ ಮೇಲೆ ಬಂದು, “ದೊಡ್ಡವರು ಯಾರಪ್ಪಾ?” ಅಂದರು.

“ನೆಂಟ್ರು ಸಾರ್. ಊಟ ಮುಗಿಸ್ಕೊಂಡು ಹೊರಡ್ತಾರೆ,” ಅಂದ ಶಶಿ.

ಪಾಪಯ್ಯ ಹೆಂಡತಿ ಆದಿಲಕ್ಷ್ಮಮ್ಮನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದ: “ಲೇ, ನಾವು ನೆಂಟ್ರು ಕಣೇ! ಮಗ ಅಂತ ಬಾಯ್ತಪ್ಪಿ ಅಂದ್ಬಿಟ್ಟೀಯ! ನಾಯಿ ಬಾತ್‌ರೂಮಲ್ಲೈತೆ, ಅದೂ ಹೇಳ್ಬೇಡ!”

ಎದುರು ಮನೆಯವರು ಬಾಗಿಲಿಗೆ ಬಂದರು. ಒಳಗಿಂದ ರಾಜ ಬೊಗಳಿತು.

ಆದಿನಾರಾಯಣಪ್ಪ ಶಶಿಯನ್ನು ದಿಟ್ಟಿಸಿದರು. “ನಾಯಿ ಬೇಡ ಅಂದಿದ್ದು ನಿಜ. ಅಪ್ಪ ಅಮ್ಮ ಬೇಡ ಅಂತ ನಾನ್ಯಾವಾಗ ಅಂದೆ?”

ಶಶಿ ನೆಲ ನೋಡಿದ. ಪಾಪಯ್ಯ ಮಗನ ಮುಖವನ್ನೇ ನೋಡುತ್ತಾ ನಿಂತ.

ಆದಿಲಕ್ಷ್ಮಮ್ಮ ಎದ್ದು ಸೊಸೆಯ ಮುಂದೆ ಸೆರಗೊಡ್ಡಿದಳು. “ತಾಂಬೂಲ ಕೊಡಮ್ಮ ಅನಿತ. ನೆಂಟ್ರು ಹೊರಡ್ಬೇಕು.”

ಅನಿತ ಅಳುತ್ತಾ ಕೈಕಟ್ಟಿ ನಿಂತಳು. ಆದಿಲಕ್ಷ್ಮಮ್ಮ ತಾನೇ ತಟ್ಟೆಯಿಂದ ಎಲೆ, ಅಡಿಕೆ, ತೆಂಗಿನಕಾಯಿ ಎತ್ತಿಕೊಂಡಳು. ಮಾಲೀಕರು ಇರಿ ಅಂದರೂ ನಿಲ್ಲಲಿಲ್ಲ. ಪಾಪಯ್ಯ ನಾಯಿಯನ್ನು ಬಿಡಿಸಿಕೊಂಡು ಹಿಂದೆ ಇಳಿದ.

ಈಗ ಗಂಡ, ಹೆಂಡತಿ, ರಾಜ ಮೂವರೂ ನನ್ನ ಮಗ್ಗದ ಶೆಡ್ಡಿನ ಹಿಂದಿನ ರೂಮಿನಲ್ಲಿದ್ದಾರೆ. ಶಶಿ ಪ್ರತಿ ಭಾನುವಾರ ಮಗಳನ್ನು ಕರೆದುಕೊಂಡು ಬಂದು, “ಮನೆಗೆ ಬಾಮ್ಮ” ಅಂತ ಹಲ್ಲು ಗಿಂಜುತ್ತಾನೆ. ಆದಿಲಕ್ಷ್ಮಮ್ಮ ಬೈಯುವುದಿಲ್ಲ. ಎಲೆ ಹಾಸಿ ಊಟ ಬಡಿಸುತ್ತಾಳೆ, ಉಪಚಾರ ಮಾಡುತ್ತಾಳೆ. ಹೊರಡುವಾಗ ಮಗನ ಕೈಗೆ ಎಲೆ ಅಡಿಕೆ ಇಟ್ಟು ಕಳಿಸುತ್ತಾಳೆ.