ರಂಗೂನಿನಲ್ಲಿ ಮುಟ್ಟದೆ ಉಳಿದ ಚಹಾ

ಹಡಗಿನಿಂದ ಇಳಿದವನು ನೇರ ಇಮಾಮ್ ಚಾಚಾರ ಚಹಾ ಅಂಗಡಿಗೆ ಬಂದೆ. ಅವರು ಭಾತಂಬ್ರಾದ ನಮ್ಮ ಓಣಿಯವರು. ಇಷ್ಟು ದೊಡ್ಡ ರಂಗೂನಿನಲ್ಲಿ ನನ್ನೊಡನೆ ಕನ್ನಡ ಆಡುವವರು ಅವರೊಬ್ಬರೇ. ಹೊರಗೆ ಟ್ರಾಮಿನ ಗಂಟೆ, ಚುಟ್ಟಾ ಸೇದುತ್ತ ಮೀನು ಮಾರುವ ಹೆಂಗಸರ ಕೂಗು.

"ಬಾರಪಾ ಮಲ್ಲಣ್ಣ! ಪೊಲೀಸ್ ಆಕ್ಷನ್ ಆತಂತ, ಊರು ಹ್ಯಾಂಗದ?" ಎನ್ನುತ್ತ ಚಹಾ ತಂದಿಟ್ಟರು.

"ಸಂತಿ ಮತ್ತ ತುಂಬ್ಲಾಕತ್ಯಾದ್ರಿ ಚಾಚಾ," ಎಂದೆ.

ಬಾವಿಯ ನೀರು, ನಮ್ಮ ಕುರಿಗಳು, ಜೋಳದ ಬೆಳೆ, ಎಲ್ಲ ಕೇಳಿದರು. ಎಲ್ಲ ಹೇಳಿದೆ. ಆ ಪೊಲೀಸ್ ಆಕ್ಷನ್ನಿನ ಗಲಾಟೆಯಲ್ಲಿ, ಊರಲ್ಲೇ ಉಳಿದಿದ್ದ ಅವರ ತಮ್ಮನನ್ನು ಕೊಂದರೆಂಬುದೊಂದನ್ನು ಮಾತ್ರ ಹೇಳಲಿಲ್ಲ.

ಸಾವಿನ ಸುದ್ದಿ ತಂದವನು ಅದನ್ನು ಹೇಳುವ ತನಕ ಆ ಮನೆಯವರ ಕೈಯ ನೀರನ್ನೂ ಮುಟ್ಟುವುದಿಲ್ಲ. ಅದು ನಮ್ಮೂರಿನ ರೀತಿ. ದಾರಿಯುದ್ದಕ್ಕೂ ನಾನು ಹಂಬಲಿಸಿದ್ದ ಚಹಾ ಎದುರಿಗೇ ಕೆನೆಗಟ್ಟಿತು.

ಚಾಚಾರ ಕಣ್ಣು ನಾನು ಮುಟ್ಟದ ಚಹಾದ ಕಪ್ಪಿನ ಮೇಲೆ ಬಿತ್ತು. ಹೆಗಲಿನ ವಸ್ತ್ರ ತೆಗೆದು ಕಪ್ಪಿನ ಸುತ್ತ ಮೇಜನ್ನು ಒರೆಸಿದರು, ಒರೆಸಿದಲ್ಲೇ ಮತ್ತೆ ಒರೆಸಿದರು.

"ಚಾಚಾ..." ಎಂದೆ.

"ಆಮ್ಯಾಲ ಹೇಳಪಾ," ಎಂದರು. "ಸಂತಿ ತುಂಬ್ಲಾಕತ್ಯಾದ ಅಂದ್ಯಲ್ಲ, ಅದನ್ನ ಇನ್ನೊಮ್ಮಿ ಹೇಳು."